ದವಾಖಾನೆಯ ಹಿತ್ತಲಲ್ಲಿ ಕುರಿ

ಸಂಜೆಯಾಯಿತೆಂದರೆ ಈ ದವಾಖಾನೆಯಲ್ಲಿ ಕುರಿಯ ವಾಸನೆ ಬರುತ್ತದೆ. ನಾನು ತಮಾಷೆ ಮಾಡುತ್ತಿಲ್ಲ. ಫಿನಾಯಿಲು, ಸ್ಪಿರಿಟ್ಟು, ಪಕ್ಕದ ಮಂಚದವರ ಡಬ್ಬಿಯ ಹುಳಿಸೊಪ್ಪಿನ ಪುಂಡಿಪಲ್ಯ, ಇವೆಲ್ಲದರ ನಡುವೆ ನುಸುಳಿಕೊಂಡು ಹಿತ್ತಲ ಕಡೆಯಿಂದ ಅದು ಬಂದೇ ಬರುತ್ತದೆ. ಬಿಸಿಲಿಗೆ ಕಾದ ಉಣ್ಣೆ, ಹಿಕ್ಕಿ, ಧೂಳು, ಆಗಷ್ಟೇ ಹಾಲು ಕುಡಿದ ಮರಿಯ ಬಾಯಿ. ಬೇರೆ ಯಾವ ದವಾಖಾನೆಯಲ್ಲಾದರೂ ಇಷ್ಟು ಹೊತ್ತಿಗೆ ಯಾರಾದರೂ ದೂರು ಕೊಟ್ಟಿರುತ್ತಿದ್ದರು. ಇಲ್ಲಿ ದೂರು ಕೊಡಬೇಕಾದದ್ದು ನಮ್ಮ ಅಕ್ಕನಿಗೆ. ಕುರಿಗಳನ್ನು ಕರೆಸಿ ಕೂಡ್ರಿಸಿದವಳೂ ಅಕ್ಕನೇ. ಹೀಗಾಗಿ ಎಲ್ಲರೂ ಸುಮ್ಮನೆ ಉಸಿರಾಡುತ್ತಾರೆ.

ನಾನು ಔರಾದಿನ ಈ ದವಾಖಾನೆಗೆ ಬಂದದ್ದು ಹರ್ನಿಯಾ ಆಪರೇಷನ್ನಿಗೆ. ಬೀದರ–ಔರಾದ, ಬೀದರ–ಭಾಲ್ಕಿ ಬಸ್ಸುಗಳಲ್ಲಿ ಕಂಡಕ್ಟರನಾಗಿ ನಿಂತೇ ಆಯುಷ್ಯ ಕಳೆದವನು ನಾನು. ನಿವೃತ್ತನಾದ ಮೇಲೆ ಕೂತೆ. ಕೂತ ಮೇಲೆ ಹೊಟ್ಟೆ ಬಂತು, ಹೊಟ್ಟೆಯ ಬೆನ್ನಿಗೆ ಇದು. ಬೀದರದಲ್ಲಿ, ಚಿದ್ರಿಯ ನಮ್ಮ ಮನೆಯ ಆಸುಪಾಸಿನಲ್ಲೇ ಬೇಕಾದಷ್ಟು ದವಾಖಾನೆಗಳಿವೆ. ಆದರೆ ನನ್ನ ಹೆಂಡತಿಗೆ ಯಾವುದರ ಮೇಲೂ ಭರವಸೆಯಿಲ್ಲ. ಭರವಸೆಯಿಲ್ಲದ್ದು ಡಾಕ್ಟರರ ಮೇಲಲ್ಲ, ನನ್ನ ಮೇಲೆ. ಸೂಜಿ ಕಂಡರೆ ನಾನು ಎದ್ದು ಓಡುವ ಪೈಕಿ ಎಂಬುದು ಅವಳಿಗೆ ಗೊತ್ತು. ಅಕ್ಕನ ಕೈಗೆ ಒಪ್ಪಿಸಿದರೆ ಮಾತ್ರ ಇವರು ನಿಲ್ಲುತ್ತಾರೆ ಎಂದು ತೀರ್ಮಾನ ಮಾಡಿ, ಇಲ್ಲಿ ಬಿಟ್ಟು, ಬೆಳಿಗ್ಗೆ ಬರುತ್ತೇನೆಂದು ಹೇಳಿ ಹೋಗಿದ್ದಾಳೆ. ಅವಳ ಲೆಕ್ಕ ಸ್ವಲ್ಪ ತಪ್ಪಿದೆ. ಬೀದರಕ್ಕೆ ಕೊನೆಯ ಬಸ್ಸು ಇನ್ನೂ ಹೋಗಿಲ್ಲ. ನನ್ನ ಚಪ್ಪಲಿ ಮಂಚದ ಕೆಳಗೆ, ಕಾಲಿಗೆ ಸಿಗುವ ಹಾಗೇ ಇವೆ. ಈ ಮಾತು ನಮ್ಮ ನಮ್ಮಲ್ಲೇ ಇರಲಿ.

ಓಡುವುದಕ್ಕೆ ಸೂಜಿಯ ಹೆದರಿಕೆಯಲ್ಲದೆ ಇನ್ನೊಂದು ಕಾರಣವೂ ಇದೆ, ಅಕ್ಕನ ಮೇಲಿನ ಸಿಟ್ಟು. ಅಕ್ಕ ಈ ದವಾಖಾನೆಗೆ ಮುಖ್ಯಸ್ಥೆ. ಡಾಕ್ಟರರ ಡ್ಯೂಟಿಯಿಂದ ಹಿಡಿದು ನೀರಿನ ಟಾಕಿಯ ತನಕ ಎಲ್ಲವೂ ಅವಳ ಮಾತಿನಂತೆ. ಹಿಂದುಗಡೆ ಮೂಲೆಯಲ್ಲಿ ಗಲಾಟೆಯಿಲ್ಲದ ಒಂದು ಕೋಣೆ ಖಾಲಿ ಬಿದ್ದಿದೆ, ನಾನೇ ಇಣುಕಿ ನೋಡಿ ಬಂದಿದ್ದೇನೆ. ಒಡಹುಟ್ಟಿದ ತಮ್ಮನಿಗೆ ಅದನ್ನು ಕೊಡಬಹುದಿತ್ತೋ ಇಲ್ಲವೋ, ನೀವೇ ಹೇಳಿ. ಕೊಟ್ಟದ್ದು ಜನರಲ್ ವಾರ್ಡಿನ, ರಸ್ತೆಯ ಕಡೆಯ ಕಿಟಕಿಗೆ ಅಂಟಿದ ಮಂಚ. ಮಧ್ಯಾಹ್ನದಿಂದ ಒಂದೊಂದು ಬಸ್ಸೂ ನನ್ನ ಕಿವಿಯಲ್ಲೇ ಹಾರ್ನು ಹೊಡೆದು ಹೋಗುತ್ತಿದೆ. ಮುಖ್ಯಸ್ಥೆಯ ತಮ್ಮನಾಗುವುದಕ್ಕಿಂತ ಅವಳ ಕುರಿಯಾಗುವುದು ಒಳ್ಳೆಯದು ಅನಿಸಿಬಿಟ್ಟಿದೆ.

ಕುರಿ ಎಂದೆನಲ್ಲ. ಈ ದವಾಖಾನೆಗೆ ಕುರಿ ಬಂದ ಕತೆ ಹೇಳಬೇಕೆಂದರೆ, ಅಕ್ಕ ಕುರಿಯಿಂದ ಓಡಿಹೋದ ಕತೆಯಿಂದಲೇ ಶುರುಮಾಡಬೇಕು.

ಅಕ್ಕನ ಹೆಸರು ರತ್ನಾ. ಮನೆಯಲ್ಲಿ ರತ್ನವ್ವ, ದವಾಖಾನೆಗಳಲ್ಲಿ ಮೊದಲು ಸಿಸ್ಟರ್, ಈಗ ಮೇಡಂ. ಔರಾದ ತಾಲ್ಲೂಕಿನಲ್ಲೇ, ಗಡಿಯ ಕಡೆಗಿರುವ ಒಂದು ಹಳ್ಳಿ ನಮ್ಮದು. ಅಲ್ಲಿ ನಮ್ಮ ಮನೆಯ ಗುರುತು ಯಾರೂ ಹೇಳಬೇಕಿರಲಿಲ್ಲ. ಕಣ್ಣು ಮುಚ್ಚಿಕೊಂಡು ಬಂದರೂ ಮೂಗು ದಾರಿ ತೋರಿಸುತ್ತಿತ್ತು. ಅಪ್ಪ ಕುರಿ ಕಾಯುತ್ತಿದ್ದ, ಅವನಪ್ಪನೂ ಅದನ್ನೇ ಮಾಡಿದವನು. ಮನೆಯೊಳಗೆ ನಾವು ಎಷ್ಟು ಮಂದಿಯೋ ಮರಿಗಳೂ ಅಷ್ಟೇ ಇರುತ್ತಿದ್ದವು. ಚಳಿಗಾಲದಲ್ಲಿ ಒಂದೇ ಕಂಬಳಿಯೊಳಗೆ ಯಾರ ಕಾಲು ಯಾರದೆಂದು ತಿಳಿಯುತ್ತಿರಲಿಲ್ಲ. ನನಗೆ ಅದರಲ್ಲಿ ಏನೂ ಕೊರತೆ ಕಾಣಿಸಿರಲಿಲ್ಲ. ಅಕ್ಕನಿಗೆ ಮಾತ್ರ ಔರಾದಿನ ಹೈಸ್ಕೂಲಿಗೆ ಸೇರಿದ ದಿನದಿಂದ ಮೂಗು ಹುಟ್ಟಿತು.

ಸಾಲಿಯಲ್ಲಿ ಅವಳು ಬಂದು ಕೂತರೆ ಪಕ್ಕದ ಹುಡುಗಿಯರು ಬೆಂಚಿನ ತುದಿಗೆ ಸರಿಯುತ್ತಿದ್ದರಂತೆ. ಒಬ್ಬಳಂತೂ ಸೆರಗಿಗೆ ಊದಿನಕಡ್ಡಿ ಸಿಕ್ಕಿಸಿಕೊಂಡು ಬಂದಿದ್ದಳಂತೆ. ಅಂದಿನಿಂದ ನಮ್ಮ ಮನೆಯಲ್ಲಿ ಕೆಂಪು ಸಾಬೂನಿಗೆ ಉಳಿಗಾಲವಿಲ್ಲದಾಯಿತು. ಅಕ್ಕ ತಿಕ್ಕುವುದು ನೋಡಿ ಅವ್ವ, ಇವಳು ಚರ್ಮವನ್ನೂ ಬಿಚ್ಚಿ ಒಣಗಿಸುವವಳು ಎಂದು ಗೊಣಗುತ್ತಿದ್ದಳು. ಸಾಲಿಯ ಬಟ್ಟೆಯನ್ನು ಅಕ್ಕ ನಮ್ಮ ಮನೆಯಲ್ಲಿ ಇಡುವುದನ್ನೇ ಬಿಟ್ಟಳು. ಎದುರು ಮನೆಯ ಗೂಟಕ್ಕೆ ನೇತುಹಾಕಿರುತ್ತಿದ್ದಳು. ಬೆಳಿಗ್ಗೆ ಸ್ನಾನ ಮಾಡಿ, ಉಸಿರು ಬಿಗಿಹಿಡಿದು ಅಂಗಳ ದಾಟಿ, ಅಲ್ಲಿ ಬಟ್ಟೆ ಹಾಕಿಕೊಂಡು, ನಮ್ಮ ಮನೆಯ ಕಡೆ ತಿರುಗಿಯೂ ನೋಡದೆ ಬಸ್ಸು ಹತ್ತುತ್ತಿದ್ದಳು.

ಅವಳು ನರ್ಸಾದದ್ದು ಸೇವೆಯ ಹಂಬಲದಿಂದ ಎಂದು ಸನ್ಮಾನ ಮಾಡಿದವರೆಲ್ಲ ಹೇಳುತ್ತಾರೆ. ಹೇಳಲಿ. ನಿಜ ನನಗೆ ಗೊತ್ತು. ಊರಿಗೆ ಮಕ್ಕಳಿಗೆ ಸೂಜಿ ಹಾಕಲು ಒಬ್ಬ ನರ್ಸಬಾಯಿ ಬರುತ್ತಿದ್ದಳು. ಬಿಳಿ ಸೀರೆ, ಮೈತುಂಬ ಸ್ಪಿರಿಟ್ಟಿನ ವಾಸನೆ. ನಾವೆಲ್ಲ ಬಣವೆಯ ಹಿಂದೆ ಅಡಗಿದರೆ ಅಕ್ಕ ಮಾತ್ರ ಆಕೆಯ ಪಕ್ಕದಲ್ಲೇ ನಿಂತು ಉದ್ದುದ್ದ ಉಸಿರು ಎಳೆದುಕೊಳ್ಳುತ್ತಿದ್ದಳು. ಮೂಗಿನಿಂದ ನೌಕರಿ ಆರಿಸಿಕೊಂಡವಳು ಇಡೀ ಬೀದರ ಜಿಲ್ಲೆಯಲ್ಲಿ ನಮ್ಮ ಅಕ್ಕ ಒಬ್ಬಳೇ ಇರಬೇಕು. ನರ್ಸಿಂಗ್ ಕಲಿಯುತ್ತೇನೆ ಎಂದಾಗ ಅಪ್ಪ ಕೇಳಿದ್ದು ಒಂದೇ ಪ್ರಶ್ನೆ, ಅಲ್ಲಿ ಏನು ಕಲಿಸುತ್ತಾರೆ ಎಂದು. ಜಡ್ಡಾದವರನ್ನು ನೋಡಿಕೊಳ್ಳುವುದು ಎಂದಳು ಅಕ್ಕ. ಅಷ್ಟಕ್ಕೆ ಬೀದರಕ್ಕೆ ಯಾಕೆ ಹೋಗಬೇಕು, ದೊಡ್ಡಿಯಲ್ಲಿ ಈಗಲೂ ಮೂರು ಜಡ್ಡಾಗಿ ಮಲಗಿವೆ ಎಂದು ಅಪ್ಪ ಖರೇನೇ ತಿಳಿಯದೆ ಹೇಳಿದ. ಆದರೂ ಕಳಿಸಿದ.

ಹಾಸ್ಟೆಲ್ಲಿಗೆ ಸೇರಿದ ಮೊದಲ ಚಳಿಗಾಲದಲ್ಲಿ ಅಪ್ಪ ನನ್ನನ್ನೂ ಕರೆದುಕೊಂಡು ಬೀದರಕ್ಕೆ ಅವಳನ್ನು ನೋಡಲು ಹೋದ. ಹೆಗಲ ಮೇಲೆ ಕಂಬಳಿ. ಅದಿಲ್ಲದೆ ಅಪ್ಪನನ್ನು ನಾನು ಕಂಡದ್ದೇ ಇಲ್ಲ. ಅಕ್ಕ ಗೇಟಿಗೆ ಬಂದಳು, ಹಿಂದೆ ಮೆಟ್ಟಿಲ ಮೇಲೆ ನಿಂತಿದ್ದ ಗೆಳತಿಯರ ಕಡೆ ಒಮ್ಮೆ ನೋಡಿದಳು, ಬಂದವಳೇ ಅಪ್ಪನ ಹೆಗಲಿನಿಂದ ಕಂಬಳಿ ತೆಗೆದು ಚಿಕ್ಕದಾಗಿ ಮಡಚಿ ಕಂಕುಳಲ್ಲಿ ಇಟ್ಟುಕೊಂಡಳು. ಗೆಳತಿಯರಿಗೆ ತಂದೆ ಒಕ್ಕಲುತನ ಮಾಡುತ್ತಾರೆ ಎಂದು ಹೇಳಿದ್ದಳೆಂಬುದು ನನಗೆ ಆಮೇಲೆ ತಿಳಿಯಿತು. ಅಪ್ಪನಿಗೆ ಮಾತ್ರ ಬೇರೆಯೇ ಅರ್ಥವಾಯಿತು.

"ಇಲ್ಲಿ ಭಾಳ ಥಂಡಿ ಅದೇನವ್ವ? ಇಟ್ಕೋ, ನನಗ ಮನ್ಯಾಗ ಇನ್ನೊಂದ ಅದ" ಅಂದ.

ಇನ್ನೊಂದು ಇರಲಿಲ್ಲ. ಮರಳಿ ಬರುವಾಗ ಬಸ್ಸಿನಲ್ಲಿ ಅಪ್ಪ ಬರೀ ಅಂಗಿಯಲ್ಲಿ ನಡುಗುತ್ತ ಕೂತಿದ್ದ. ಮಾಂಜ್ರಾ ಸೇತುವೆಯ ಗಾಳಿ ಕಿಟಕಿಯಿಂದ ಬಡಿಯುತ್ತಿತ್ತು. ಆದರೂ ಪಕ್ಕದಲ್ಲಿ ಕೂತ ಗುರುತಿಲ್ಲದವರಿಗೆಲ್ಲ, ಮಗಳು ಎಷ್ಟು ಓದಿದರೂ ಅಪ್ಪನ ಕಂಬಳಿಯೇ ಬೇಕೆಂದು ಕಸಿದುಕೊಂಡಳು ಎಂದು ಹೇಳಿಕೊಳ್ಳುತ್ತಿದ್ದ. ನನಗೆ ಅಕ್ಕನ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಅಪ್ಪನ ಖುಷಿ ನೋಡಿ ನುಂಗಿಕೊಂಡೆ.

ಅಕ್ಕ ಪಾಸಾಗಿ ಬೀದರದಲ್ಲೇ ಒಂದು ದವಾಖಾನೆಗೆ ಸೇರಿದಳು. ಕೆಲವು ವರ್ಷಗಳಲ್ಲಿ ನಾನೂ ಕಂಡಕ್ಟರನಾದೆ. ಅವ್ವ ಕಟ್ಟಿಕೊಟ್ಟ ರೊಟ್ಟಿಯ ಗಂಟನ್ನು ಬಸ್ಸಿನಲ್ಲಿ ಒಯ್ದು ಅವಳಿಗೆ ಮುಟ್ಟಿಸುವುದು ನನ್ನ ಖಾಯಂ ಡ್ಯೂಟಿ. ಹೋದಾಗೆಲ್ಲ ವಾರ್ಡಿನಲ್ಲಿ ಅವಳ ಕಾರುಬಾರು ನೋಡುತ್ತಿದ್ದೆ. ಗುಳಿಗೆ ನುಂಗದೆ ಹಟ ಮಾಡುವ ಮುದುಕರನ್ನು ಅವಳ ಹತ್ತಿರ ಕಳಿಸುತ್ತಿದ್ದರು. ಅಕ್ಕ ಎಡಗೈಯಿಂದ ದವಡೆ ಹಿಡಿಯುವಳು, ಹೆಬ್ಬೆರಳಿನಿಂದ ಬಾಯಿಯ ಮೂಲೆ ತೆರೆಯುವಳು, ಗುಳಿಗೆ ಒಳಗೆ, ಬಾಯಿ ಮುಚ್ಚಿಸಿ ಗಂಟಲ ಮೇಲೆ ಒಮ್ಮೆ ನೀವಿದರೆ ಗುಳುಕ್. ಇದೇನು ಕಲೆ ಎಂದು ಡಾಕ್ಟರರೇ ಬೆರಗಾಗುತ್ತಿದ್ದರಂತೆ. ನಾನು ಗಂಟು ಹಿಡಿದು ಬಾಗಿಲಲ್ಲಿ ನಿಂತು ನಗು ತಡೆಯುತ್ತಿದ್ದೆ. ಅಪ್ಪ ಜಡ್ಡಾದ ಟಗರಿಗೆ ಔಷಧ ಕುಡಿಸುತ್ತಿದ್ದ ರೀತಿ ಅದು, ಒಂದು ಬೆರಳೂ ಆಚೀಚೆ ಇಲ್ಲ. ನಾನು ನಗುವುದನ್ನು ಕಂಡರೆ ಅಕ್ಕ ಕಣ್ಣಲ್ಲೇ ಗದರುತ್ತಿದ್ದಳು. ಅದಕ್ಕೇ ನಾನು ಇನ್ನಷ್ಟು ನಗುತ್ತಿದ್ದೆ.

ಆಮೇಲೆ ಭಾಲ್ಕಿಯ ದವಾಖಾನೆಗೆ ವಾರ್ಡಿನ ಇನ್‌ಚಾರ್ಜ್ ಆಗಿ ಹೋದಳು. ನನ್ನ ಡ್ಯೂಟಿಯೂ ಭಾಲ್ಕಿ ರೂಟಿಗೆ ಬಿತ್ತು. ರೊಟ್ಟಿಯ ಗಂಟು ನೌಬಾದ ದಾಟಿ ಪ್ರಯಾಣ ಮಾಡತೊಡಗಿತು. ಅಲ್ಲಿ ಡಾಕ್ಟರರು ರೌಂಡ್ಸಿಗೆ ಹೊರಟರೆ ಉಳಿದ ಇನ್‌ಚಾರ್ಜುಗಳು ಮುಂದೆ ಮುಂದೆ ನಡೆದು ಚೀಟಿ ತೋರಿಸುತ್ತಿದ್ದರು. ಅಕ್ಕ ಎಲ್ಲರಿಗಿಂತ ಹಿಂದೆ. ಡಾಕ್ಟರು ಮಾತಾಡಿಸಿ ಮುಂದೆ ಹೋದ ಮೇಲೆ ಯಾರ ಮುಖ ಬಾಡಿತು, ಯಾರು ಹೇಳಬೇಕಾದದ್ದನ್ನು ಹೇಳದೆ ಉಳಿದರು ಎಂಬುದೆಲ್ಲ ಹಿಂದಿದ್ದವಳಿಗೆ ಕಾಣುತ್ತಿತ್ತು. ಅಪ್ಪನೂ ಮಂದೆಯ ಹಿಂದೆಯೇ ನಡೆಯುತ್ತಿದ್ದ; ಕುಂಟುವ ಕುರಿ ಮುಂದಿರುವವನಿಗೆ ಕಾಣುವುದಿಲ್ಲ. ಈ ಮಾತನ್ನು ನಾನೊಮ್ಮೆ ಅವಳಿಗೆ ಹೇಳಿದಾಗ ವಾರ್ಡಿನಲ್ಲಿ ಕುರಿಯ ಸುದ್ದಿ ತೆಗೆಯಬೇಡ ಎಂದು ಪಿಸುಗುಟ್ಟಿ ಗಂಟು ಕಸಿದುಕೊಂಡು ಹೋದಳು. ಅಪ್ಪ ತೀರಿಕೊಂಡದ್ದು ಆ ದಿನಗಳಲ್ಲೇ. ಕುರಿಗಳನ್ನು ಅಪ್ಪನ ತಮ್ಮ, ನಮ್ಮ ಕಾಕಾ, ಹೊಡೆದುಕೊಂಡು ಹೋದ. ಮನೆಯ ವಾಸನೆ ಒಂದು ವರ್ಷದಲ್ಲಿ ಹೋಯಿತು.

ಆ ದವಾಖಾನೆ ನಡೆಸುವ ಕಮಿಟಿಯವರು ಔರಾದಿನಲ್ಲಿ ಒಂದು ಶಾಖೆ ತೆಗೆದಾಗ ಅದರ ಮುಖ್ಯಸ್ಥರಾಗಿ ಬರಲು ಯಾವ ಡಾಕ್ಟರೂ ಒಪ್ಪಲಿಲ್ಲ. ನೋಡೋಣವೆಂದು ಬಂದವರೂ ಒಂದು ವಾರವಿದ್ದು ನೀರು ಒಗ್ಗಲಿಲ್ಲ ಎಂದು ಹೋದರು. ಅಕ್ಕ ತಾನೇ ಕೇಳಿ ಬಂದಳು. ತಕ್ಕ ಡಾಕ್ಟರು ಸಿಗುವ ತನಕ ಇವಳೇ ನೋಡಿಕೊಳ್ಳಲಿ ಎಂದು ಒಪ್ಪಿದರು. ಕೋಣೆಯ ಮುಂದಿನ ಬೋರ್ಡಿನಲ್ಲಿ ‘ಪ್ರಭಾರಿ’ ಎಂಬ ಮೂರಕ್ಷರ ಉಳಿದದ್ದೆಲ್ಲಕ್ಕಿಂತ ದಪ್ಪಗಿತ್ತು. ನಾನು ಅವಳನ್ನು ಪ್ರಭಾರಿಬಾಯಿ ಎಂದೇ ಕರೆಯುತ್ತಿದ್ದೆ. ಅವಳಿಗೆ ನಗು ಬರುತ್ತಿರಲಿಲ್ಲ. ಆಯುಷ್ಯದಲ್ಲಿ ಮೊದಲ ಸಲ ಒಂದು ಕುರ್ಚಿ ಬೇಕು ಅನಿಸಿತ್ತು ಅವಳಿಗೆ. ಇಲ್ಲಿಯ ಹೆಂಗಸರು ಹೆರಿಗೆಗೆಂದು ಗಾಡಿಯಲ್ಲಿ, ಟ್ರ್ಯಾಕ್ಟರಿನಲ್ಲಿ ಬೀದರದ ತನಕ ಹೋಗುತ್ತ ದಾರಿಯಲ್ಲೇ ಹೆತ್ತದ್ದನ್ನು, ಸತ್ತದ್ದನ್ನು ಅವಳು ಅಲ್ಲಿಯ ವಾರ್ಡಿನಲ್ಲಿ ನಿಂತು ನೋಡಿದ್ದಳು. ಈಗ ತನ್ನ ಕೈಯಲ್ಲಿ ಒಂದು ದವಾಖಾನೆ ಇತ್ತು, ಬೇರೆಯವರು ಬಂದ ದಿನ ಅದು ಕೈಬಿಟ್ಟು ಹೋಗುವುದಿತ್ತು. ಸುಗ್ಗಿ ಮುಗಿದ ಮೇಲೆ ಕಮಿಟಿಯವರು ಬೀದರದಿಂದ ಬಂದು, ನೋಡಿ, ತೀರ್ಮಾನ ಮಾಡುವುದೆಂದು ಪತ್ರ ಬಂತು. ಅಕ್ಕ ಗೋಡೆಗಳಿಗೆಲ್ಲ ಸುಣ್ಣ ಹೊಡೆಸಿದಳು.

ಆಗಲೇ ಬಂದವಳು ಮಾಳವ್ವ.

ಮಾಳವ್ವ, ಅವಳ ಗಂಡ ಬೀರಪ್ಪ, ಕುರಿ ಕಾಯುವವರು. ಸುಗ್ಗಿಯಾದ ಮೇಲೆ ಖಾಲಿ ಹೊಲಗಳಲ್ಲಿ ಕುರಿ ಕೂಡ್ರಿಸುವುದು ನಮ್ಮ ಕಡೆಯ ಪದ್ಧತಿ. ರಾತ್ರಿ ಮಂದೆ ಹೊಲದಲ್ಲಿ ತಂಗಿದರೆ ಹೊಲಕ್ಕೆ ಗೊಬ್ಬರ, ಹೊಲದವರು ಕುರಿಯವರಿಗೆ ಜೋಳ ಕೊಡುತ್ತಾರೆ. ಹಾಗೆ ಔರಾದಿನ ಸುತ್ತ ತಂಗಿದ್ದವರು ಇವರು. ಮಾಳವ್ವನಿಗೆ ಎಂಟು ತಿಂಗಳು ತುಂಬಿತ್ತು. ಕಾಲು ಬಾತು ಕಂಬವಾಗಿದ್ದವು. ಬಿಪಿ ನೋಡಿದ ಡ್ಯೂಟಿ ಡಾಕ್ಟರು, ಹೆರಿಗೆಯಾಗುವ ತನಕ ಮಲಗಿಯೇ ಇರಬೇಕು, ಇಲ್ಲದಿದ್ದರೆ ಫಿಟ್ಸು ಬಂದು ತಾಯಿ ಮಗು ಎರಡೂ ಹೋಗಬಹುದು ಎಂದು ಅಡ್ಮಿಟ್ ಮಾಡಿದರು. ಹಗಲೆಲ್ಲ ಗುಬ್ಬಿಯಂತೆ ಮಲಗಿದಳು. ಸಂಜೆ ಸಿಸ್ಟರು ದೀಪ ಹಾಕಲು ಬಂದರೆ ಮಂಚ ಖಾಲಿ. ಕರೆತಂದರು. ಮರುದಿನ ಸಂಜೆ ಮತ್ತೆ ಖಾಲಿ, ಸಲಾಯಿನ್ ಬಾಟಲಿ ಒಂದೇ ನೇತಾಡುತ್ತಿತ್ತು.

ಅಕ್ಕ ಬಯ್ಯಬೇಕೆಂದೇ ಹೋದವಳು. ಮಾಳವ್ವ ತಲೆ ತಗ್ಗಿಸಿ ಹೇಳಿದ್ದು ಇಷ್ಟು: "ಹೊಸಾ ಮರಿಗೋಳು ಅವ್ರಿ, ಸಿಸ್ಟರ್. ತೋಳ ಬರ್ತಾವ. ಅವು ಕಣ್ಣಿಗಿ ಬೀಳ್ಲಿಲ್ಲಂದ್ರ ನನಗ ನಿದ್ದಿ ಬರಲ್ಲ್ರಿ."

ಬೇರೆ ಯಾರಾದರೂ ಆಗಿದ್ದರೆ, ಜೀವಕ್ಕಿಂತ ಕುರಿ ಹೆಚ್ಚಾ ಎಂದು ಕೇಳುತ್ತಿದ್ದರು. ಅಕ್ಕನಿಗೆ ಆ ಪ್ರಶ್ನೆ ಕೇಳುವ ಬಾಯಿ ಇರಲಿಲ್ಲ. ಮರಿ ಹಾಕುವ ದಿನಗಳಲ್ಲಿ ನಮ್ಮ ಅವ್ವ ಎಂಥ ಜ್ವರದಲ್ಲೂ ಹಾಸಿಗೆಯಲ್ಲಿ ಮಲಗಿದ್ದನ್ನು ಅವಳು ಕಂಡಿರಲಿಲ್ಲ. ಆ ಸಂಜೆಯೇ ಬೀರಪ್ಪನನ್ನು ಕರೆಸಿ, ದವಾಖಾನೆಯ ಹಿಂದೆ ಮೂರು ಕಡೆ ಗೋಡೆಯಿರುವ ಬಯಲಿಗೆ ಮಂದೆಯನ್ನು ತರಲು ಹೇಳಿದಳು. ಮಾಳವ್ವನ ಮಂಚವನ್ನು ಹಿಂದಿನ ಕಿಟಕಿಗೆ ಹಚ್ಚಿಸಿದಳು.

ಸುದ್ದಿ ನನಗೆ ಮುಟ್ಟಿದ್ದು ಬಸ್ಸಿನಲ್ಲೇ. ಸಂತಪುರದಲ್ಲಿ ಹತ್ತಿದವರೊಬ್ಬರು, ನಿಮ್ಮ ಅಕ್ಕಾರು ದವಾಖಾನಿಯಲ್ಲಿ ಕುರಿ ಅಡ್ಮಿಟ್ ಮಾಡಿದ್ದಾರಂತಲ್ಲ, ಖರೇ ಏನ್ರಿ ಎಂದು ಕೇಳಿದರು. ಇಡೀ ಬಸ್ಸು ನಕ್ಕಿತು. ಔರಾದಿನಲ್ಲಿ ಇಳಿದವನೇ ಓಡಿದೆ. ಅಕ್ಕ ಕುರ್ಚಿಯಲ್ಲಿ ನೆಟ್ಟಗೆ ಕೂತಿದ್ದಳು. ಕಮಿಟಿಯವರು ಬರುವ ಹೊತ್ತಿನಲ್ಲಿ ಇದೇನು ಹುಚ್ಚು ಎಂದರೆ ಮುಖದ ಒಂದು ಗೆರೆಯೂ ಅಲುಗಲಿಲ್ಲ.

"ಪೇಷಂಟಿನ ಜೊತಿ ಮನಿ ಮಂದಿ ಇರಬೌದು ಅಂತ ರೂಲ್ಸ್ ಅದ. ಇಕಿ ಮನಿ ಮಂದಿ ಬಂದಾರ" ಅಂದಳು.

ಆದರೆ ನೋಡಿ, ಅವಳ ಬಿಂಕ ಎಂಥದ್ದು! ಹಿತ್ತಲಿಗೆ ಮಾತ್ರ ಕಾಲಿಡಲಿಲ್ಲ. ಕಿಟಕಿಯಲ್ಲಿ ನಿಂತು, ಮೂಗಿಗೆ ಸೆರಗು ಹಿಡಿದು, ಕುರಿ ಎಂದರೆ ಇದೇ ಏನು ಎಂಬಂತೆ ನೋಡುವಳು. ಸಿಸ್ಟರುಗಳಿಗೆ, ಗೊಬ್ಬರಕ್ಕಾಗಿ ಕೂಡ್ರಿಸಿದ್ದು ಎಂದು ಹೇಳಿದ್ದಳಂತೆ. ತಾನು ಯಾರ ಮಗಳೆಂದು ಇಲ್ಲಿ ತನ್ನ ಸ್ವಂತ ತಾಲ್ಲೂಕಿನಲ್ಲೂ ಬಾಯಿ ಬಿಟ್ಟಿರಲಿಲ್ಲ. ನಾನು, ನಿನ್ನ ನೆಂಟರು ಬಂದಿದ್ದಾರೆ, ಹೋಗಿ ಮಾತಾಡಿಸು ಎಂದು ಕೆಣಕಿದೆ. ಬಸ್ಸಿಗೆ ಹೊತ್ತಾಗುತ್ತದೆ ಹೋಗು ಎಂದು ಅಟ್ಟಿದಳು. ಮಾಳವ್ವ ಮಾತ್ರ ಅಂದಿನಿಂದ ಮಂಚ ಬಿಟ್ಟು ಏಳಲಿಲ್ಲ. ಕಿಟಕಿಯ ಸರಳಿಗೆ ಮುಖ ಹಚ್ಚಿ, ಮರಿಗಳನ್ನು ಹೆಸರು ಹಿಡಿದು ಕರೆದು, ನಿದ್ದೆ ಹೋಗುತ್ತಿದ್ದಳು.

ಕಮಿಟಿಯವರು ಬಂದ ಬೆಳಿಗ್ಗೆ ನಾನು ಔರಾದಿನ ಬಸ್ಸಿನಲ್ಲಿದ್ದೆ. ದವಾಖಾನೆಯ ಹತ್ತಿರ ಬಂದರೆ ರಸ್ತೆ ಬಂದ್. ಡ್ರೈವರ್ ಖಾಜಾಮಿಯಾ ಎಷ್ಟು ಹಾರ್ನು ಹೊಡೆದರೂ ಅಷ್ಟೇ. ಇಳಿದು ನೋಡಿದೆ. ಗೇಟಿನ ಎರಡು ಕಂಬಗಳ ನಡುವೆ ಕುರಿಗಳು ಗಿಜಿಗಿಜಿ ಸಿಕ್ಕಿಬಿದ್ದಿವೆ. ಹೊರಗೆ ಕಮಿಟಿಯವರ ಕಾರು, ಒಳಗೆ ಅಂಬ್ಯುಲೆನ್ಸು. ಆದದ್ದು ಹೀಗೆ: ಬೀರಪ್ಪ ಮಂದೆಯನ್ನು ಮೇವಿಗೆ ಹೊರಡಿಸುತ್ತಿದ್ದಾಗ ಮಾಳವ್ವನಿಗೆ ತಲೆ ಸಿಡಿಯತೊಡಗಿ ಕಣ್ಣು ಮಂಜಾಯಿತು. ಇಲ್ಲಿ ಇನ್ನು ಆಗುವುದಿಲ್ಲ, ಈಗಲೇ ಬೀದರಕ್ಕೆ ಒಯ್ದು ಆಪರೇಷನ್ ಮಾಡಿ ಮಗು ತೆಗೆಯಬೇಕು ಎಂದರು ಡಾಕ್ಟರು. ಬೀರಪ್ಪ ಕೋಲು ಬಿಸಾಕಿ ಒಳಗೆ ಓಡಿದ. ಅದೇ ಹೊತ್ತಿಗೆ ಕಾರು ಬಂದು ಹಾರ್ನು ಹೊಡೆಯಿತು, ವಾಚಮನ್ ಸೀಟಿ ಊದಿ ಲಾಠಿ ಬೀಸಿದ. ಹೆದರಿದ ಕುರಿ ಮುಂದೆಯೂ ಹೋಗುವುದಿಲ್ಲ ಹಿಂದೆಯೂ ಹೋಗುವುದಿಲ್ಲ, ಒಂದರ ಹೊಟ್ಟೆಯಲ್ಲಿ ಒಂದು ತಲೆ ತುರುಕಿ ನಿಂತುಬಿಡುತ್ತದೆ. ಅಂಬ್ಯುಲೆನ್ಸಿನ ಕಿಟಕಿಯಲ್ಲಿ ಬೀರಪ್ಪನ ಮುಖ ಕಾಣುತ್ತಿತ್ತು.

ಅಕ್ಕ ಹೊರಗೆ ಬಂದಳು. ಇಸ್ತ್ರಿ ಮಾಡಿದ ಬಿಳಿ ಸೀರೆ, ಕಮಿಟಿಯವರಿಗೆಂದು ಉಟ್ಟದ್ದು. ಅಂಬ್ಯುಲೆನ್ಸಿನ ಕಡೆ ನೋಡಿದಳು, ಕಾರಿನ ಕಡೆ ನೋಡಿದಳು. ಚಪ್ಪಲಿ ಕಳಚಿದಳು. ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿದಳು. ವಾಚಮನ್ನನ ಬಾಯಿಂದ ಸೀಟಿ ಕಿತ್ತು ಅವನ ಕೈಗೇ ಕೊಟ್ಟಳು. ಆಮೇಲೆ ನಾಲಗೆಯನ್ನು ಅಂಗುಳಿಗೆ ಹಚ್ಚಿ, ಎದೆಯಾಳದಿಂದ ಒಂದು ದನಿ ತೆಗೆದಳು: ಡ್ರ್ರ್ರ್ರ್... ಹೋಯ್, ಹೋಯ್. ಅಪ್ಪನ ಕೂಗು ಅದು. ಅಷ್ಟು ವರ್ಷ ಅವಳ ಗಂಟಲಲ್ಲಿ ಅದು ಎಲ್ಲಿ ಕೂತಿತ್ತೋ ಆ ದೇವರಿಗೇ ಗೊತ್ತು. ಕುರಿಗಳು ಕಿವಿ ನಿಮಿರಿಸಿದವು. ಅಕ್ಕ ಮಂದೆಯೊಳಗೆ ಇಳಿದು, ಕೊರಳಿಗೆ ಗಂಟೆ ಕಟ್ಟಿದ ಟಗರನ್ನು ಹುಡುಕಿ, ಅದರ ಕಿವಿ ಹಿಡಿದು ರಸ್ತೆಯ ಆಚೆಗೆ ನಡೆದಳು. ಉಳಿದವು ದಾರ ಬಿಚ್ಚಿದಂತೆ ಅವಳ ಹಿಂದೆ ಹೋದವು. ಅಂಬ್ಯುಲೆನ್ಸು ಧೂಳೆಬ್ಬಿಸಿ ಬೀದರದ ಕಡೆ ಓಡಿತು, ಒಳಗೆ ಡಾಕ್ಟರೂ ಒಬ್ಬ ಸಿಸ್ಟರೂ ಇದ್ದರು.

ಕಾರಿನಿಂದ ಮೂವರು ಇಳಿದರು. ಅವರಲ್ಲಿ ಒಬ್ಬರು ನಿವೃತ್ತ ಅಧಿಕಾರಿ, ಬೂಟಿನ ಸುತ್ತ ಹಿಕ್ಕಿ ನೋಡುತ್ತ, ದವಾಖಾನೆಯಲ್ಲಿ ಇವು ಯಾರ ಕುರಿ ಎಂದು ಕೇಳಿದರು. ಸಿಸ್ಟರುಗಳು, ವಾಚಮನ್, ನನ್ನ ಬಸ್ಸಿನ ಅಷ್ಟೂ ಜನ ಅಕ್ಕನ ಕಡೆ ನೋಡಿದರು. ಅಕ್ಕ ಟಗರಿನ ಕಿವಿ ಬಿಡಲಿಲ್ಲ.

"ಅವರು ಬರೂತನಕ ನನ್ನವೇ ಅನ್ಕೋರಿ. ನಾ ಕುರಿ ಕಾಯೋರ ಮಗಳಿದ್ದೀನ್ರಿ, ಸಾಹೇಬ್ರ" ಅಂದಳು.

ಜೋರಾಗಿ ಹೇಳಲಿಲ್ಲ, ಆದರೆ ಎಲ್ಲರಿಗೂ ಕೇಳಿಸಿತು. ಆಮೇಲೆ ನನ್ನನ್ನು ಕಂಡು, ಏ ಇಲ್ಲಿ ಬಾ, ಇವನ್ನು ಹಿಡಿ, ನನಗೆ ಮೀಟಿಂಗ್ ಇದೆ ಎಂದು, ಬೀರಪ್ಪ ಬಿಸಾಕಿದ್ದ ಕೋಲು ಎತ್ತಿ ಕೊಟ್ಟು, ಕಾಲು ತೊಳೆದು ಒಳಗೆ ಹೋದಳು. ಟಿಕೀಟೆಲ್ಲ ಕೊಟ್ಟಾಗಿತ್ತು, ಸ್ಟ್ಯಾಂಡು ಕೂಗಳತೆಯಲ್ಲೇ ಇತ್ತು. ಖಾಜಾಮಿಯಾ ಕೈ ಬೀಸಿ ಬಸ್ಸು ಒಯ್ದ. ನಾನು ಖಾಕಿ ಅಂಗಿ, ಹೆಗಲಲ್ಲಿ ಟಿಕೀಟಿನ ಚೀಲ, ಕೈಯಲ್ಲಿ ಕೋಲು. ಅಪ್ಪನಂತೆ ಕೂಗಿದೆ. ಕುರಿಗಳು, ಚಿಲ್ಲರೆ ಇಲ್ಲವೆಂದಾಗ ಪ್ರಯಾಣಿಕರು ನೋಡುವಂತೆ ನನ್ನನ್ನು ನೋಡಿದವು. ಒಂದು ಬಂದು ಚೀಲದ ಪಟ್ಟಿ ಜಗಿಯತೊಡಗಿತು. ಅವನ್ನು ಹಿತ್ತಲಿಗೆ ಸೇರಿಸುವಷ್ಟರಲ್ಲಿ ನನ್ನ ಇಡೀ ವಂಶದ ಮರ್ಯಾದೆ ಹೋಗಿತ್ತು.

ಒಳಗೆ ನಡೆದದ್ದನ್ನು ಅಕ್ಕ ಆಮೇಲೆ ಹೇಳಿದಳು. ಆ ಅಧಿಕಾರಿಗಳು ಸ್ವಚ್ಛತೆಯ ಬಗ್ಗೆ ಬಹಳ ಹೊತ್ತು ಮಾತಾಡಿದರು. ಅದರಲ್ಲಿ ತಪ್ಪೇನೂ ಇರಲಿಲ್ಲ ಎಂದು ಅಕ್ಕನೇ ಒಪ್ಪಿದಳು. ಇಂಥ ಜಾಗಕ್ಕೆ ಡಾಕ್ಟರೇ ಬೇಕು, ನರ್ಸಿನಿಂದ ಆಗುವ ಕೆಲಸವಲ್ಲ ಎಂದೂ ಹೇಳಿದರು. ಅಧ್ಯಕ್ಷರು ಬೀದರದ ಕಾಳಿನ ಪೇಟೆ ಗಾಂಧಿ ಗಂಜಿನಲ್ಲಿ ಅಡತಿ ವ್ಯಾಪಾರಿ, ಮಾತು ಕಡಿಮೆ. ಎಲ್ಲ ಮುಗಿಯುವ ತನಕ ಕಿಟಕಿಯಿಂದ ಹಿತ್ತಲನ್ನೇ ನೋಡುತ್ತಿದ್ದವರು, ಕುರಿ ಕೂಡ್ರಿಸಿದ್ದಕ್ಕೆ ಜೋಳ ಎಷ್ಟು ಕೊಟ್ಟಿರಿ ಎಂದು ಕೇಳಿದರಂತೆ. ಏನೂ ಕೊಟ್ಟಿಲ್ಲ ಎಂದಳು ಅಕ್ಕ. ಅವರು ಕುರ್ಚಿಯಲ್ಲೇ ನೆಟ್ಟಗಾದರು. ತಮ್ಮ ಸ್ವಂತ ಹೊಲದಲ್ಲಿ ಕೂಡ್ರಿಸಲು ಕುರಿಯವರ ಕೈಕಾಲು ಹಿಡಿಯಬೇಕು, ಈ ನರ್ಸಬಾಯಿ ಇಷ್ಟು ರಾತ್ರಿ ಪುಕ್ಕಟೆ ಕೂಡ್ರಿಸಿದ್ದಾಳೆ, ಇನ್ನೇನು ಆಡಳಿತ ಬೇಕು ನಿಮಗೆ ಎಂದು ಉಳಿದವರನ್ನು ಕೇಳಿದರು. ಅಕ್ಕನ ಅಷ್ಟು ವರ್ಷದ ಸರ್ವಿಸ್ಸು, ಸರ್ಟಿಫಿಕೇಟು, ಸುಣ್ಣ ಹೊಡೆಸಿದ ಗೋಡೆ, ಯಾವುದೂ ಕೆಲಸಕ್ಕೆ ಬರಲಿಲ್ಲ. ಕೆಲಸ ಮಾಡಿದ್ದು ಹಿಕ್ಕಿ. ಮಂದೆಗೆ ಹಿಂದಿನಿಂದ ಬೇರೆ ಗೇಟು ಮಾಡಿಸಬೇಕು, ವಾರ್ಡಿನಿಂದ ದೂರಕ್ಕೆ ಬೇಲಿ ಹಾಕಬೇಕು ಎಂಬ ಶರತ್ತಿನ ಮೇಲೆ ಬೋರ್ಡಿನ ಆ ಮೂರಕ್ಷರವನ್ನು ಬಣ್ಣ ಬಳಿದು ಅಳಿಸಲು ಒಪ್ಪಿಗೆ ಸಿಕ್ಕಿತು.

ಇದೆಲ್ಲ ತಿಳಿಯುವ ಮೊದಲು ನಾನು ಕಂಡದ್ದು ಬೇರೆ. ಮಧ್ಯಾಹ್ನ ಬೀದರದಿಂದ ಫೋನು ಬಂತು, ಹೆಣ್ಣು ಮಗು, ತಾಯಿಯೂ ಉಳಿದಳು ಎಂದು. ಹೇಳೋಣವೆಂದು ಹುಡುಕಿದರೆ ಅಕ್ಕ ಹಿತ್ತಲ ಮೆಟ್ಟಿಲ ಮೇಲೆ ಒಬ್ಬಳೇ ಕೂತಿದ್ದಳು. ಸುದ್ದಿ ಅವಳಿಗೆ ಆಗಲೇ ಮುಟ್ಟಿತ್ತು. ಎರಡೂ ಅಂಗೈಯನ್ನು ಮೂಗಿಗೆ ಹಿಡಿದಿದ್ದಳು. ಸಾಬೂನು ತರಲೇನು ಎಂದು ಕೆಣಕಲು ಬಾಯಿ ತೆರೆದವನು ಅವಳ ಕಣ್ಣು ನೋಡಿ ಮುಚ್ಚಿದೆ. ಅಂಗೈಗಳನ್ನು ನನ್ನ ಮುಂದೆ ಚಾಚಿದಳು.

"ಅಪ್ಪನ ವಾಸನಿ ಬರ್ಲಾಕತ್ತದ, ನೋಡು" ಅಂದಳು.

ನೋಡಿದೆ. ಬರುತ್ತಿತ್ತು. ಇಬ್ಬರು ದೊಡ್ಡವರು, ಒಬ್ಬಳು ಮೇಡಂ, ಒಬ್ಬ ಖಾಕಿ ಹಾಕಿದ ಸರ್ಕಾರಿ ಮನುಷ್ಯ, ಹಗಲು ಹೊತ್ತಿನಲ್ಲಿ ಮೆಟ್ಟಿಲ ಮೇಲೆ ಕೂತು ಅತ್ತೆವು. ಅಪ್ಪನ ಕಂಬಳಿ ಅಕ್ಕನ ಟ್ರಂಕಿನ ತಳದಲ್ಲಿ ಬೇವಿನ ಎಲೆಯ ನಡುವೆ ಇತ್ತೆಂದು ನನಗೆ ತಿಳಿದದ್ದೂ ಅಂದೇ. ಎಲ್ಲೋ ಬಿಸಾಕಿರಬೇಕೆಂದು ನಾನು ತಿಳಿದಿದ್ದೆ. ಈಗ ಅದು ಅವಳ ಕುರ್ಚಿಯ ಬೆನ್ನಿಗಿದೆ. ಕಮಿಟಿಯವರು ಬಂದರೆ ಅದರ ಮೇಲೆಯೇ ಕೂಡ್ರಿಸುತ್ತಾಳೆ, ಚುಚ್ಚುತ್ತದೆ ಎಂದರೆ ಕೇಳುವುದಿಲ್ಲ.

ಮಂದೆ ಈಗ ಪ್ರತಿ ಸುಗ್ಗಿಯ ನಂತರ ಬರುತ್ತದೆ. ಒಮ್ಮೊಮ್ಮೆ ಬೀರಪ್ಪನದು, ಒಮ್ಮೊಮ್ಮೆ ಬೇರೆಯವರದು. ಈ ಸಲ ಬೀರಪ್ಪನದೇ. ಮಧ್ಯಾಹ್ನ ಅವನ ಮಗಳು, ಅಂದು ಬೀದರದಲ್ಲಿ ಹುಟ್ಟಿದವಳು, ಮರಿಯನ್ನು ಎತ್ತಿಕೊಂಡು ವರಾಂಡದಲ್ಲಿ ಓಡಿದಳು, ಸಿಸ್ಟರುಗಳು ಗದರಿದರು, ಆದರೆ ಗದರಿದ್ದರಲ್ಲಿ ಜೋರಿರಲಿಲ್ಲ. ಆ ಬಯಲಿನಲ್ಲಿ ಬೆಳೆದ ಪುಂಡಿಯೇ ಪಕ್ಕದ ಮಂಚದವರ ಡಬ್ಬಿಯಲ್ಲಿರುವುದು.

ಹೊತ್ತು ಮುಳುಗುತ್ತಿದೆ. ಇದನ್ನೆಲ್ಲ ನಿಮಗೆ ಹೇಳುತ್ತ ನನ್ನ ಬಸ್ಸಿನ ಹೊತ್ತು ಹತ್ತಿರವಾಯಿತು. ಈಗಷ್ಟೇ ಅಕ್ಕ ಬಂದು ಹೋದಳು. ಗುಳಿಗೆ ಆಮೇಲೆ ನುಂಗುತ್ತೇನೆ ಎಂದು ಹೇಳಿ ಮುಗಿಸುವ ಮೊದಲೇ ದವಡೆ ಹಿಡಿದು, ಹೆಬ್ಬೆರಳು ತೂರಿಸಿ, ಗಂಟಲು ನೀವಿದಳು. ಗುಳುಕ್. ಪಕ್ಕದ ಮಂಚದವರು ಮುಖ ತಿರುಗಿಸಿ ನಕ್ಕರು. ಮಂಚದ ಕೆಳಗೆ ಅವಳು ನೋಡಲಿಲ್ಲ. ನೋಡಿದರೂ ನನಗೆ ಗೊತ್ತಾಗಲಿಲ್ಲ.

ಅವಳು ಹೋದ ಮೇಲೆ, ಬಿಪಿ ನೋಡಲು ಬಂದ ಚಿಕ್ಕ ಸಿಸ್ಟರಿಗೆ ನನ್ನ ದೂರು ಹೇಳಿದೆ. ಹಿಂದಿನ ಕೋಣೆ ಖಾಲಿ ಇರುವಾಗ ಈ ಹಾರ್ನಿನ ಬಾಯಿಗೆ ನನ್ನನ್ನು ಯಾಕೆ ಕೊಟ್ಟಿರಿ, ಅಲ್ಲಿಗೆ ಬದಲಾಯಿಸಿ ಎಂದೆ. ಹುಡುಗಿ ಪಟ್ಟಿ ಸುತ್ತುತ್ತಲೇ ಹೇಳಿದಳು:

"ಬದಲಿ ಮಾಡಬ್ಯಾಡ ಅಂತ ಮೇಡಂ ಹೇಳ್ಯಾರ್ರಿ, ಮಾಮಾ. ನಿಮಗ ಬಸ್ ಕಣ್ಣಿಗಿ ಬೀಳ್ಲಿಲ್ಲಂದ್ರ ನಿದ್ದಿ ಬರಲ್ಲಂತ."

ಯಂತ್ರ ನನ್ನ ತೋಳನ್ನು ಬಿಗಿಯಿತು, ಬಿಟ್ಟಿತು. ಸ್ವಲ್ಪ ಹೆಚ್ಚಿದೆ ಎಂದು ಹೇಳಿ ಹುಡುಗಿ ಹೋದಳು.

ಕೊನೆಯ ಬಸ್ಸು ಸ್ಟ್ಯಾಂಡಿನಿಂದ ಹೊರಟಿತು. ಕ್ಲಚ್ಚಿನ ಸದ್ದಿನಿಂದಲೇ ಯಾವ ಗಾಡಿ ಎಂದು ನನಗೆ ತಿಳಿಯುತ್ತದೆ. ಕಿಟಕಿಯ ಮುಂದೆ ಬಂದು ಹಾರ್ನು ಹೊಡೆಯಿತು. ಕಂಡಕ್ಟರ್ ಬಾಗಿಲಲ್ಲಿ ನಿಂತಿದ್ದ, ಒಳಗೆ ಲೈಟು ಹತ್ತಿತ್ತು, ಹಿಂದಿನ ಸೀಟಿನಲ್ಲಿ ಜಾಗ ಇತ್ತು. ನಾನು ಏಳಲಿಲ್ಲ. ಬಸ್ಸು ತಿರುವಿನಲ್ಲಿ ಮರೆಯಾಗುವ ತನಕ ನೋಡಿ, ನನಗಷ್ಟೇ ಕೇಳುವಂತೆ "ರೈಟ್" ಎಂದೆ. ಆಮೇಲೆ ಚಪ್ಪಲಿಯನ್ನು ಕಾಲಿನಿಂದ ಮಂಚದ ಕೆಳಗೆ ಗೋಡೆಯ ತನಕ ತಳ್ಳಿ, ಹೊದಿಕೆ ಎಳೆದುಕೊಂಡೆ.